ಹಳೆಯ ವಾಹನಗಳ ಬ್ರೇಕು: ಲೋಹದ ಆಯ್ಕೆಯಲ್ಲಿ ಎಚ್ಚರಿಕೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ಸಜ್ಜುಗೊಳಿಸಿ ಓಡಿಸುವವರು ಇಂದಿಗೂ ಇದ್ದಾರೆ. ಮೂಲ ಬಿಡಿಭಾಗ ದೊರೆಯದಿದ್ದಾಗ ಅವರು ಸಣ್ಣ ಫೌಂಡ್ರಿ ಹಾಗೂ ಲೇತ್ ಘಟಕಗಳನ್ನೇ ಆಶ್ರಯಿಸುತ್ತಾರೆ. ಟ್ಯಾಂಕಿನ ಬಣ್ಣದಲ್ಲಿ ದೋಷವಿದ್ದರೆ ಗ್ರಾಹಕನು ದೂರು ಹೇಳಿಯಾನು. ಬ್ರೇಕಿನಲ್ಲಿ ದೋಷವಿದ್ದರೆ ದೂರು ಹೇಳಲು ಅವನೇ ಉಳಿಯದಿರಬಹುದು.

ಈ ವಾಹನಗಳ ಹಬ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಬ್ರೇಕ್ ಶೂ ಉಜ್ಜುವ ಒಳಮೈಗೆ ಮಾತ್ರ ಬೀಡುಕಬ್ಬಿಣದ ಲೈನರ್ ಇರುತ್ತದೆ. ಅಲ್ಯೂಮಿನಿಯಂ ಹಗುರ, ಶಾಖವನ್ನು ಬೇಗ ಹೊರಹಾಕುತ್ತದೆ, ಆದರೆ ಮೃದುವಾದುದರಿಂದ ಉಜ್ಜುವಿಕೆಯನ್ನು ತಾಳದು. ಬೂದು ಬೀಡಿನಲ್ಲಿರುವ ಗ್ರಾಫೈಟ್ ಪದರಗಳು ಸವಕಳಿಯನ್ನೂ ಕಂಪನವನ್ನೂ ತಗ್ಗಿಸುತ್ತವೆ. ಸವೆದ ಲೈನರಿಗೆ ಬದಲಾಗಿ ಕೈಗೆ ಸಿಕ್ಕ ಮೈಲ್ಡ್ ಸ್ಟೀಲ್ ಪೈಪನ್ನು ಕತ್ತರಿಸಿ ಹಾಕುವುದು ತಪ್ಪು. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ದೊಡ್ಡ ತಪ್ಪು: ಅದರ ಶಾಖವಾಹಕ ಶಕ್ತಿ ಬೀಡಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಫೌಂಡ್ರಿಗೆ ಬೇಡಿಕೆ ಸಲ್ಲಿಸುವಾಗ ‘ಬೀಡು’ ಎಂದಷ್ಟೇ ಹೇಳದೆ, ಭಾರತೀಯ ಮಾನಕ 210ರ ದರ್ಜೆಯನ್ನು, ಉದಾಹರಣೆಗೆ ಎಫ್.ಜಿ. 220 ಅಥವಾ 260 ಎಂದು, ಬರವಣಿಗೆಯಲ್ಲಿಯೇ ನೀಡಬೇಕು.

ಹೆಚ್ಚಿನವರು ಎಡವುವುದು ಲೈನರ್ ಕೂರಿಸುವಲ್ಲಿ. ಅಲ್ಯೂಮಿನಿಯಂ ಬಿಸಿಯಾದಾಗ ಬೀಡಿಗಿಂತ ಎರಡು ಪಟ್ಟು ಹಿಗ್ಗುತ್ತದೆ. ಕೂಡುವ ಮೈಯ ವ್ಯಾಸ 160 ಮಿ.ಮೀ. ಇದ್ದು ಉಷ್ಣತೆ 100 ಡಿಗ್ರಿ ಏರಿದರೆ ಎರಡರ ನಡುವೆ ಸುಮಾರು 0.19 ಮಿ.ಮೀ. ವ್ಯತ್ಯಾಸವಾಗುತ್ತದೆ. ಲೈನರೇ ಹೆಚ್ಚು ಕಾಯುವುದರಿಂದ ಇದು ಸ್ವಲ್ಪ ತಗ್ಗೀತು. ಆದರೆ ಅದನ್ನು ನಂಬಿ ಕೂರುವಂತಿಲ್ಲ. ಕಾರ್ಖಾನೆಯಲ್ಲಿ ಬಿಗಿಯಾಗಿ ತೋರಿದ ಲೈನರ್ ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಸಡಿಲಗೊಂಡು ತಿರುಗಬಹುದು. ಆದುದರಿಂದ ಲೈನರನ್ನು ಲೆಕ್ಕಹಾಕಿ ತುಸು ದೊಡ್ಡದಾಗಿಯೇ ಕಡೆದು, ಹಬ್ಬನ್ನು ಸಮನಾಗಿ ಕಾಯಿಸಿ ಕೂರಿಸಬೇಕು. ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಾ ಕಾಯಿಸಿ ತೊಡಿಸುವ ಕಮ್ಮಾರನ ವಿದ್ಯೆಯೇ ಇದು. ಕಡ್ಡಿಗಳ ಎಳೆತದಿಂದ ಹಬ್ ಕೊಂಚ ಸೊಟ್ಟಗಾಗುವುದರಿಂದ, ಒಳಮೈಯ ಕೊನೆಯ ಕಡೆತವನ್ನು ಚಕ್ರ ಕಟ್ಟಿದ ಮೇಲೆಯೇ ಮಾಡುವುದು ಲೇಸು.

ಅಂಬಾಸಿಡರ್, ಜೀಪುಗಳಂತಹ ಹೈಡ್ರಾಲಿಕ್ ಬ್ರೇಕಿನ ವಾಹನಗಳಲ್ಲಿ ಪ್ರಲೋಭನೆಯೇ ಬೇರೆ. ತಾಮ್ರದ ಪೈಪು ಸುಲಭವಾಗಿ ಬಾಗುತ್ತದೆ, ತುಕ್ಕು ಹಿಡಿಯದು. ಆದರೆ ಕಂಪನದಿಂದ ಗಡುಸಾಗಿ ತುದಿಯ ಅಗಲಿಸಿದ ಭಾಗದಲ್ಲಿ ಬಿರುಕು ಬಿಡುತ್ತದೆ. ಬ್ರೇಕಿಗೆಂದೇ ತಯಾರಾದ ಲೇಪಿತ ಉಕ್ಕಿನ ಪೈಪು ಅಥವಾ ಸುಮಾರು ಶೇ. 10 ನಿಕಲ್ ಇರುವ ತಾಮ್ರ-ನಿಕಲ್ ಪೈಪನ್ನೇ ಬಳಸಬೇಕು. ಬ್ರೇಕ್ ದ್ರವವು ತೇವ ಹೀರುವುದರಿಂದ ವೀಲ್ ಸಿಲಿಂಡರಿನ ಒಳಮೈ ತುಕ್ಕಿನಿಂದ ಗುಳಿಬೀಳುತ್ತದೆ. ಡ್ರಮ್ಮಿಗೆ ಬೇಡವೆಂದ ಸ್ಟೇನ್‌ಲೆಸ್ ಸ್ಟೀಲ್ ಇಲ್ಲಿ ತೋಳಾಗಿ ಕೂರಿಸಲು ತಕ್ಕ ಲೋಹ.