ಅಬ್ರಹಾಮನ ಕಥೆಯನ್ನು ಮೊದಲಿನಿಂದ ಓದು, ಮಗಳೇ

ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯವನ್ನೂ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯವನ್ನೂ ಒಟ್ಟಿಗೆ ಓದಿ ನಿದ್ದೆಗೆಟ್ಟೆ ಅಂದೆಯಲ್ಲ ಮಗಳೇ, ಅದಕ್ಕೆ ಹೆದರಬೇಡ. ದೇವರು ಮನುಷ್ಯನನ್ನು ನೀತಿವಂತನೆಂದು ಎಣಿಸುವುದು ನಂಬಿಕೆ ನೋಡಿ ಎನ್ನುತ್ತಾನೆ ಪೌಲ. ಬರೀ ನಂಬಿಕೆ ಸಾಲದು, ಕ್ರಿಯೆಯೂ ಬೇಕು ಎನ್ನುತ್ತಾನೆ ಯಾಕೋಬ. ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ, ಅದೂ ಆದಿಕಾಂಡ 15ರ 6ನೇ ವಚನವನ್ನೇ ಹಿಡಿದು. ಇಲ್ಲಿ ಕಾಲು ತಡೆದು ನಿಂತವಳು ನೀನೊಬ್ಬಳೇ ಅಲ್ಲ. ಮಾರ್ಟಿನ್ ಲೂಥರ್‌ನಂಥವನೇ 1522ರಲ್ಲಿ ತನ್ನ ಜರ್ಮನ್ ಹೊಸ ಒಡಂಬಡಿಕೆಗೆ ಮುನ್ನುಡಿ ಬರೆಯುವಾಗ ಯಾಕೋಬನ ಪತ್ರಿಕೆಯನ್ನು ಪೌಲನ ಪತ್ರಿಕೆಗಳಿಗಿಂತ ತೀರ ಕೆಳಗಿಟ್ಟ. ಮುಂದೆ ಲೂಥರನ್ನರೂ ಕಥೋಲಿಕರೂ ಕೂತು ಮಾತಾಡಿ, ಈ ವಿಷಯದಲ್ಲಿ ನಮ್ಮಿಬ್ಬರಿಗೂ ಇಷ್ಟರಮಟ್ಟಿಗೆ ಒಪ್ಪಿಗೆಯಿದೆ ಎಂದು ಸಹಿ ಹಾಕುವಾಗ 1999ರ ಅಕ್ಟೋಬರ್ 31 ಬಂದಿತ್ತು.

ನೀನು ಅಷ್ಟು ಕಾಯಬೇಕಿಲ್ಲ. ಪತ್ರಿಕೆಗಳನ್ನು ಸ್ವಲ್ಪ ಪಕ್ಕಕ್ಕಿಟ್ಟು ಆದಿಕಾಂಡ ತೆಗೆ. 12ನೇ ಅಧ್ಯಾಯದಿಂದ 22ರವರೆಗೆ ಒಂದೇ ಪಟ್ಟಿನಲ್ಲಿ ಓದು. ಕೈಯಲ್ಲೊಂದು ಪೆನ್ಸಿಲ್ ಇರಲಿ. ಅಬ್ರಹಾಮನ ವಯಸ್ಸು ಬಂದ ಕಡೆಯಲ್ಲೆಲ್ಲ ಅಂಚಿನಲ್ಲಿ ಬರೆದುಕೋ. ಕರೆ ಕೇಳಿ ಹೊರಟಾಗ 75. ದಾಸಿ ಹಾಗರಳಿಗೆ ಇಷ್ಮಾಯೇಲ ಹುಟ್ಟಿದಾಗ 86. ಸುನ್ನತಿಯಾದಾಗ 99. ಇಸಾಕ ಹುಟ್ಟಿದಾಗ 100. ಅವನು ನಂಬಿದ, ದೇವರು ಅದನ್ನು ನೀತಿಯೆಂದು ಎಣಿಸಿದ ಎನ್ನುವ ಮಾತು ಬರುವುದು 15ನೇ ಅಧ್ಯಾಯದಲ್ಲಿ, ಅಂದರೆ ಇಷ್ಮಾಯೇಲ ಹುಟ್ಟುವುದಕ್ಕೂ ಮೊದಲು. ಸುನ್ನತಿಗೆ ಇನ್ನೂ ಹದಿಮೂರು ವರ್ಷವಾದರೂ ಬಾಕಿ! ಪೌಲ ಹಿಡಿದದ್ದು ಈ ಲೆಕ್ಕವನ್ನೇ. ಸುನ್ನತಿ ಇಲ್ಲದವರು ದೇವಜನರೋ ಅಲ್ಲವೋ ಎಂಬ ಜಗಳ ಸಭೆಗಳನ್ನು ಸೀಳುತ್ತಿದ್ದ ಕಾಲ ಅದು. ಅಬ್ರಹಾಮನನ್ನು ದೇವರು ಒಪ್ಪಿಕೊಂಡಾಗ ಅವನಿಗೇ ಸುನ್ನತಿ ಆಗಿರಲಿಲ್ಲವಲ್ಲ ಎಂದು ತೋರಿಸಿ ಪೌಲ ಅನ್ಯಜನರಿಗೆ ಬಾಗಿಲು ತೆರೆದ.

ಯಾಕೋಬ ನೋಡುವುದು 22ನೇ ಅಧ್ಯಾಯವನ್ನು, ದೇವರ ಮಾತಿನಂತೆ ಅಬ್ರಹಾಮ ಇಸಾಕನನ್ನೇ ಬಲಿ ಕೊಡಲು ಹೊರಟ ಕಥೆಯನ್ನು. ಅಷ್ಟು ಹೊತ್ತಿಗೆ ಇಸಾಕ ಕಟ್ಟಿಗೆ ಹೊತ್ತು ಬೆಟ್ಟ ಹತ್ತುವಷ್ಟು ಬೆಳೆದಿದ್ದಾನೆ, ಕುರಿ ಎಲ್ಲಿ ಅಪ್ಪಾ ಎಂದು ಕೇಳುತ್ತಾನೆ. 15ರಲ್ಲಿ ಹೇಳಿದ ನಂಬಿಕೆ ಈ ಬೆಟ್ಟದ ಮೇಲೆ ತುಂಬಿಬಂತು ಎನ್ನುವುದು ಯಾಕೋಬನ ಮಾತು. ಅವನ ಎದುರಿಗಿದ್ದ ಜಗಳವೂ ಬೇರೆ. ಚಿನ್ನದ ಉಂಗುರ ತೊಟ್ಟವನು ಬಂದರೆ ಒಳ್ಳೆಯ ಜಾಗ, ಕೊಳಕು ಬಟ್ಟೆಯ ಬಡವನಿಗೆ ನಿಂತುಕೋ ಅಥವಾ ಕಾಲ ಬಳಿ ಕೂತುಕೋ ಎನ್ನುವ ಸಭೆ ಅದು. ಬಟ್ಟೆಯಿಲ್ಲದೆ, ಅನ್ನವಿಲ್ಲದೆ ನಿಂತವರನ್ನು ಒಳ್ಳೆಯ ಮಾತು ಹೇಳಿ ಸಾಗಹಾಕುವವರಿಗೆ ಅವನು ಬರೆದ. ನಮ್ಮ ಸಭೆಗಳಲ್ಲಿ ಮುಂದಿನ ಕುರ್ಚಿ ಯಾರಿಗೆ ಸಿಗುತ್ತದೆ ಎಂದು ಒಮ್ಮೆ ನೋಡು, ಆ ಪತ್ರಿಕೆ ಹಳೆಯದು ಅನಿಸುವುದಿಲ್ಲ.

ಇನ್ನೊಂದನ್ನು ಮರೆಯಬೇಡ. 15ಕ್ಕೂ 22ಕ್ಕೂ ನಡುವೆ ಅಬ್ರಹಾಮ ನೆಟ್ಟಗೆ ನಡೆದವನಲ್ಲ. ಕಾಯಲಾರದೆ ಹಾಗರಳ ಹತ್ತಿರ ಹೋದ. ಮಗ ಹುಟ್ಟುತ್ತಾನೆಂದಾಗ ಬೋರಲು ಬಿದ್ದು ನಕ್ಕ. ಜೀವಭಯದಿಂದ ಗೆರಾರಿನಲ್ಲಿ ಹೆಂಡತಿಯನ್ನು ತಂಗಿಯೆಂದ. ಅಷ್ಟಾದರೂ ದೇವರು, ಎಣಿಸಿದ್ದನ್ನು ಹಿಂದಕ್ಕೆ ತೆಗೆದುಕೊಂಡನೆಂದು ಎಲ್ಲೂ ಬರೆದಿಲ್ಲ. ವಿಧೇಯತೆ ಅವನಿಗೆ ಒಂದೇ ದಿನದಲ್ಲಿ ಬಂದದ್ದಲ್ಲ, ನಂಬಿದವನ ಬಾಳಿನಲ್ಲಿ ನಿಧಾನಕ್ಕೆ ಮಾಗಿದ್ದು. ಒಂದು ವಾರ ಪ್ರಾರ್ಥನೆ ತಪ್ಪಿದ್ದಕ್ಕೆ ನಾನು ಕೈಬಿಟ್ಟುಹೋದವಳು ಎಂದು ಅಳುತ್ತೀಯಲ್ಲ, ಅದಕ್ಕೇ ಈ ಏಳೆಂಟು ಅಧ್ಯಾಯಗಳನ್ನು ಒತ್ತಿ ಹೇಳುತ್ತಿದ್ದೇನೆ.

ನ್ಯಾಯತೀರ್ಪಿನ ಭಯ ನಿನ್ನನ್ನು ಹೆಚ್ಚು ಕಾಡುತ್ತಿದೆ ಅಂತ ಗೊತ್ತು. ತೀರ್ಪು ಇಲ್ಲವೆಂದು ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ಕೃಪೆಯನ್ನು ಅಷ್ಟು ಸಾರಿದ ಪೌಲನೇ ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯಲ್ಲಿ, ಎಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ನಿಲ್ಲಬೇಕೆಂದಿದ್ದಾನೆ. ಆದರೆ ಆ ಆಸನದ ಮೇಲೆ ಕೂರುವವನು ಯಾರೆಂದು ನೋಡು. ಶಿಲುಬೆಯಲ್ಲಿ ನಿನಗಾಗಿ ಜೀವ ಕೊಟ್ಟವನೇ ಅಲ್ಲವೇ? ಮತ್ತಾಯ 25ರ ಕೊನೆಯ ಭಾಗವನ್ನು ನಿಧಾನವಾಗಿ ಓದು. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಮನೆಯಲ್ಲಿ ಜಾಗ. ರೋಗಿಯನ್ನು ಗುಣಪಡಿಸು ಎಂದಿಲ್ಲ, ಹೋಗಿ ನೋಡಿದರೆ ಸಾಕು. ಸೆರೆಯಲ್ಲಿರುವವನನ್ನು ಬಿಡಿಸು ಎಂದೂ ಇಲ್ಲ, ಹತ್ತಿರ ಹೋದರೆ ಸಾಕು. ಬಲಗಡೆ ನಿಂತವರಿಗೆ ತಾವು ಇದನ್ನೆಲ್ಲ ಮಾಡಿದ್ದು ಕ್ರಿಸ್ತನಿಗೇ ಎಂಬುದು ತಿಳಿದೇ ಇರಲಿಲ್ಲ. ಪುಣ್ಯದ ಲೆಕ್ಕ ಇಟ್ಟವರು ಹಾಗೆ ಬೆರಗಾಗುವುದಿಲ್ಲ. ಮತ್ತೆ ಪಕ್ಕದ ಮನೆಯವರ ತೀರ್ಪಿನ ಗೊಡವೆಗೆ ಹೋಗಬೇಡ. ಇನ್ನೊಬ್ಬನ ಸೇವಕನಿಗೆ ತೀರ್ಪು ಮಾಡಲು ನೀನು ಯಾರು ಎಂದು ರೋಮಾಪುರದವರನ್ನು ಪೌಲ ಗಟ್ಟಿಯಾಗಿಯೇ ಕೇಳಿದ್ದಾನೆ.

ಮುಂದಿನ ವೇದಪಾಠಕ್ಕೆ ಬರುವಾಗ ಯೆಹೋಶುವನ ಗ್ರಂಥದ 2ನೇ ಅಧ್ಯಾಯ ಓದಿಕೊಂಡು ಬಾ. ಯೆರಿಕೋವಿನ ರಾಹಾಬಳನ್ನು ಇಬ್ರಿಯರಿಗೆ ಬರೆದ ಪತ್ರಿಕೆ ನಂಬಿಕೆಗೆ ಸಾಕ್ಷಿ ಮಾಡುತ್ತದೆ, ಯಾಕೋಬ ಕ್ರಿಯೆಗೆ ಸಾಕ್ಷಿ ಮಾಡುತ್ತಾನೆ. ಅವಳು ಗೂಢಚಾರರಿಗೆ ಏನು ಹೇಳಿದಳು, ಅವರಿಗಾಗಿ ಏನು ಮಾಡಿದಳು ಎಂದು ಎರಡನ್ನೂ ಬರೆದುಕೊಂಡು ಬಂದರೆ, ನಾವಿಬ್ಬರೂ ಅಲ್ಲಿಂದಲೇ ಶುರು ಮಾಡೋಣ.