ನಾಲ್ಕು ಗಂಟೆ ದೂರದ ಬಡ್ತಿ

ಮ್ಯಾಡಿಸನ್

ಚಿರಂಜೀವಿ ಪುಟ್ಟೂಗೆ,

ನಿನ್ನ ಮೇಲ್ ಬಂದ ವಾರವೇ ಹಾಸನದಿಂದ ನಿನ್ನ ಅಪ್ಪನ ಫೋನೂ ಬಂತು. "ಬಡ್ತಿ ತಾನಾಗಿ ಬಂದಿದೆಯಂತೆ, ಇವನು ಯೋಚನೆ ಮಾಡ್ತೀನಿ ಅಂತಾನಲ್ಲ ಅಣ್ಣಾ, ನೀನಾದರೂ ಬುದ್ಧಿ ಹೇಳು" ಅಂದ. ಯೋಚನೆ ಮಾಡುವುದೇ ಸರಿಯಾದ ಬುದ್ಧಿ ಎಂದು ಅವನಿಗೆ ಹೇಳಿದ್ದೇನೆ. ಈ ಕಾಗದವನ್ನು ಅವನಿಗೂ ಓದಿ ಹೇಳು.

ನನ್ನ ತಮ್ಮ ಕಂಡದ್ದು ಸರ್ಕಾರಿ ಇಲಾಖೆಯ ರೀತಿ. ಅಲ್ಲಿ ಬಡ್ತಿಯ ಆದೇಶದ ಬೆನ್ನಿಗೇ ವರ್ಗಾವಣೆಯ ಆದೇಶ ಬರುತ್ತದೆ, ಮನೆ ಸಾಮಾನು ಕಟ್ಟಿಕೊಂಡು ಸಂಸಾರ ಸಮೇತ ಹೊರಡುತ್ತಾರೆ. ಅಮೆರಿಕದ ಕಾಯಂ ಸೇನೆಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ಸೇನೆಯೇ ಸಿಪಾಯಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುತ್ತದೆ, ಸಾಗಣೆಯ ಖರ್ಚನ್ನೂ ತಾನೇ ಕೊಡುತ್ತದೆ. ನಮ್ಮ ಆರ್ಮಿ ರಿಸರ್ವ್‌ನ ಸಂಗತಿಯೇ ಬೇರೆ. ತಿಂಗಳಿಗೊಂದು ವಾರಾಂತ್ಯ ಡ್ರಿಲ್, ವರ್ಷಕ್ಕೊಮ್ಮೆ ಎರಡು ವಾರದ ತರಬೇತಿ. ಮಿಕ್ಕ ದಿನ ನೀನು ಆಸ್ಪತ್ರೆಯ ಲೆಕ್ಕಪತ್ರ ವಿಭಾಗದ ನೌಕರ. ನಿನ್ನ ಮನೆ, ಕೆಲಸ, ಮಗಳ ಶಾಲೆ ಇರುವುದು ಷಿಕಾಗೋ ಬಳಿಯ ನೇಪರ್‌ವಿಲ್‌ನಲ್ಲಿ. ಬಡ್ತಿ ಇರುವುದು ವಿಸ್ಕಾನ್ಸಿನ್‌ನ ಫೋರ್ಟ್ ಮೆಕಾಯ್‌ನಲ್ಲಿ ಜಾಗ ಖಾಲಿಯಿರುವ ಯೂನಿಟ್‌ನಲ್ಲಿ. ನಡುವಿನ ದಾರಿ ನಿನ್ನ ಪಾಲಿನದು.

ನಿನ್ನ ಸಪ್ಲೈ ಕೆಲಸದಲ್ಲಿ ಈ ಇಕ್ಕಟ್ಟು ಇನ್ನೂ ಹೆಚ್ಚು. ಸಾಮಾನ್ಯವಾಗಿ ಒಂದು ಕಂಪನಿಗೆ ಒಬ್ಬನೇ ಸಪ್ಲೈ ಸಾರ್ಜೆಂಟ್. ಆ ಕುರ್ಚಿಯಲ್ಲಿ ಕುಳಿತವರು ಏಳುವವರೆಗೆ ಕೆಳಗಿನವನು ಎಷ್ಟೇ ಚುರುಕಾಗಿದ್ದರೂ ಕಾಯಬೇಕು. ನಿನ್ನ ಮೇಲಿನವರಿಗೆ ಇನ್ನೂ ಎಂಟು ವರ್ಷ ಸೇವೆ ಉಳಿದಿದೆ ಎಂದು ಬರೆದಿದ್ದೀಯ. ಎರಡು ವರ್ಷ ಎಂದಿದ್ದರೆ "ಸುಮ್ಮನೆ ಕಾಯಿ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ.

ಮೊದಲು ದುಡ್ಡಿನ ಮಾತು ಮುಗಿಸೋಣ, ಏಕೆಂದರೆ ಅಪ್ಪ ಕೇಳುವುದು ಅದನ್ನೇ. ಒಂದು ಡ್ರಿಲ್ ವಾರಾಂತ್ಯಕ್ಕೆ ನಾಲ್ಕು ಡ್ರಿಲ್‌ಗಳ ಸಂಬಳ, ಅಂದರೆ ತಿಂಗಳ ಮೂಲ ವೇತನದ ಮೂವತ್ತರಲ್ಲಿ ನಾಲ್ಕು ಪಾಲು. ನಿನ್ನ ಈಗಿನ ಸಾರ್ಜೆಂಟ್ ದರ್ಜೆಗೂ ಬಡ್ತಿಯ ಸ್ಟಾಫ್ ಸಾರ್ಜೆಂಟ್ ದರ್ಜೆಗೂ ಮೂಲ ವೇತನದಲ್ಲಿ 400 ಡಾಲರ್ ವ್ಯತ್ಯಾಸ ಎಂದು ಹಿಡಿ. ನಿನ್ನ ಕೈಗೆ ಹೆಚ್ಚಿಗೆ ಬರುವುದು ವಾರಾಂತ್ಯಕ್ಕೆ ಸುಮಾರು 53 ಡಾಲರ್. ನೇಪರ್‌ವಿಲ್‌ನಿಂದ ಫೋರ್ಟ್ ಮೆಕಾಯ್‌ಗೆ ಹೋಗಿಬರುವ ಪೆಟ್ರೋಲಿಗೇ ಅದು ಸರಿಹೋಗುತ್ತದೆ. ದೂರದಿಂದ ಬರುವವರಿಗೆ ಪ್ರಯಾಣದ ಖರ್ಚು ಕೊಡುವ ವ್ಯವಸ್ಥೆಯಿದೆ. ಆದರೆ ಒಂದು ಕಡೆಗೆ ಕನಿಷ್ಠ 150 ಮೈಲಿ ದೂರವಿರಬೇಕು, ಎಲ್ಲ ಹುದ್ದೆಗೂ ಅದು ಸಿಗುವುದಿಲ್ಲ. ನಿನ್ನ ಹುದ್ದೆಗೆ ಸಿಗುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೋ.

ಪಿಂಚಣಿಯನ್ನೂ ನೋಡು. ವರ್ಷಕ್ಕೆ ಡ್ರಿಲ್‌ಗಳಿಂದ 48, ಸದಸ್ಯತ್ವಕ್ಕೆ 15, ತರಬೇತಿಗೆ 14 ಎಂದರೆ 77 ಅಂಕ. 50 ಮುಟ್ಟಿದರೆ ಅದು ಪಿಂಚಣಿಗೆ ಲೆಕ್ಕಕ್ಕೆ ಬರುವ ವರ್ಷ, ಅಂಥವು ಇಪ್ಪತ್ತು ಬೇಕು. ಇಪ್ಪತ್ತು ವರ್ಷಕ್ಕೆ 1540 ಅಂಕ. ಅದನ್ನು 360ರಿಂದ ಭಾಗಿಸಿದರೆ ನಾಲ್ಕು ವರ್ಷ ಚಿಲ್ಲರೆ. ನೀನು 2018ರ ನಂತರ ಸೇರಿದವನು, ಹಾಗಾಗಿ ವರ್ಷಕ್ಕೆ ಮೂಲ ವೇತನದ ಶೇಕಡಾ 2ರಂತೆ ಒಟ್ಟು ಸುಮಾರು ಎಂಟೂವರೆ. ಅದೇ 400 ಡಾಲರ್ ವ್ಯತ್ಯಾಸ ಪಿಂಚಣಿಯಲ್ಲಿ ತಿಂಗಳಿಗೆ 34 ಡಾಲರ್ ಆಗುತ್ತದೆ, ಅದೂ ಸಾಮಾನ್ಯವಾಗಿ 60 ತುಂಬಿದ ಮೇಲೆ. ಬೇಡ ಎನ್ನುವ ಮೊತ್ತವಲ್ಲ. ಆದರೆ ಅದಕ್ಕಾಗಿ ವಿಸ್ಕಾನ್ಸಿನ್‌ನ ಜನವರಿಯ ಹಿಮದಲ್ಲಿ ನಾಲ್ಕು ಗಂಟೆ ಕಾರು ಓಡಿಸಬೇಕೆಂದು ನಾನು ಹೇಳಲಾರೆ.

ಹಾಗಾದರೆ ಹೋಗುವುದು ಯಾತಕ್ಕೆ? ಕೆಲಸಕ್ಕೆ, ಮಗಾ. ಈಗ ನೀನು ಇನ್ನೊಬ್ಬರ ಹೊಣೆಯಲ್ಲಿ ಕೈಜೋಡಿಸುತ್ತಿದ್ದೀಯ. ಅಲ್ಲಿ ಹೊಣೆ ನಿನ್ನದೇ. ರೈಫಲ್, ರಾತ್ರಿ ನೋಡುವ ದುರ್ಬೀನು, ಜನರೇಟರ್, ಟೆಂಟು, ಎಲ್ಲದಕ್ಕೂ ಯಾರಾದರೂ ಒಬ್ಬರ ಸಹಿ ಇದ್ದೇ ಇರುತ್ತದೆ. ಕಂಪನಿಯ ಒಟ್ಟು ಆಸ್ತಿಗೆ ಸಹಿ ಹಾಕುವವರು ಕಮಾಂಡರ್. ಆ ಸಹಿಯ ಮಾನ ಉಳಿಸುವವನು ಸಪ್ಲೈ ಸಾರ್ಜೆಂಟ್. ಒಂದು ವಸ್ತು ಕಳೆದರೂ ವಿಚಾರಣೆಯಾಗುತ್ತದೆ, ನಿರ್ಲಕ್ಷ್ಯ ಸಾಬೀತಾದರೆ ಸಂಬಳದಲ್ಲಿ ಹಿಡಿಯುತ್ತಾರೆ. ಕರೆ ಬಂದ ದಿನ ಹುಡುಗರು ಸರಿಯಾದ ಸಾಮಾನಿನೊಂದಿಗೆ ಹೊರಡುತ್ತಾರೋ ಇಲ್ಲವೋ ಎಂಬುದು ಸಪ್ಲೈ ಕೋಣೆಯಲ್ಲಿ ತಿಂಗಳುಗಟ್ಟಲೆ ನಡೆದ ಶಿಸ್ತಿನ ಮೇಲೆ ನಿಂತಿದೆ. ಸ್ಟಾಫ್ ಸಾರ್ಜೆಂಟ್‌ನ ಎದೆಯ ಮೇಲೆ ಮೂರು ಪಟ್ಟಿಯ ಕೆಳಗೆ ಬರುವ ಬಾಗಿದ ಪಟ್ಟಿಯ ಅರ್ಥ ಇಷ್ಟೇ. ಆ ಭಾರ ಬೇಕೆನಿಸಿದರೆ ಹೋಗು. ಜೊತೆಯವರೆಲ್ಲ ಮೇಲೇರಿದರು, ನಾನು ಹಿಂದೆ ಉಳಿದೆ ಎಂಬ ಸಂಕಟಕ್ಕಾದರೆ ಹೋಗಬೇಡ. ಒಂದು ಮೆಟ್ಟಿಲು ಏರಿದ ಮಾತ್ರಕ್ಕೆ ಆ ಸಂಕಟ ಹೋಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಎರಡು ವರ್ಷ ಅಲ್ಲಿದ್ದು ಮತ್ತೆ ಷಿಕಾಗೋಗೆ ಬಂದುಬಿಡುತ್ತೇನೆ" ಎಂದು ಬರೆದಿದ್ದೀಯ. ದರ್ಜೆ ಏರಿದಂತೆ ಜಾಗಗಳು ಕಡಿಮೆಯಾಗುತ್ತವೆ. ಹಿಂದಿರುಗುವಾಗ ನಿನಗೆ ಬೇಕಾದದ್ದು ಸ್ಟಾಫ್ ಸಾರ್ಜೆಂಟ್‌ನ ಜಾಗ, ಅದು ಮನೆ ಹತ್ತಿರ ಖಾಲಿಯಿರಬೇಕು. ಮುಂದಿನ ಬಡ್ತಿ ಇನ್ನೂ ದೂರದಲ್ಲಿರಬಹುದು. ಆದ್ದರಿಂದ ಇದು ಎರಡು ವರ್ಷದ ಪ್ರಶ್ನೆ ಎಂದು ಸೊಸೆಯ ಮುಂದೆ ಇಡಬೇಡ. ದೂರ ಹೆಚ್ಚುತ್ತಲೇ ಹೋಗಬಹುದಾದ ಬದುಕಿನ ಪ್ರಶ್ನೆ ಎಂದೇ ಇಡು. ಹೊಸ ಯೂನಿಟ್‌ನ ಇಡೀ ವರ್ಷದ ತರಬೇತಿ ಕ್ಯಾಲೆಂಡರ್ ತರಿಸು. ಅವಳ ಡ್ಯೂಟಿ, ಮಗಳ ಶನಿವಾರದ ಕನ್ನಡ ತರಗತಿ, ಕನ್ನಡ ಕೂಟದ ಯುಗಾದಿ, ಎಲ್ಲವನ್ನೂ ಅದರ ಪಕ್ಕದಲ್ಲಿ ಬರೆದು ಇಬ್ಬರೂ ಕೂತು ನೋಡಿ. ನಮ್ಮವರ ಹಬ್ಬ, ಸ್ನೇಹ, ಬಂಧುಬಳಗ ಈ ದೇಶದಲ್ಲಿ ನಡೆಯುವುದೇ ವಾರಾಂತ್ಯದಲ್ಲಿ. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ಬರುವವನಿಗೆ ತಪ್ಪುವುದು ಅವೇ. ಅವಳು ಮನಃಪೂರ್ವಕ ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ. "ನಿಮ್ಮಿಷ್ಟ" ಎಂದರೆ ಅದನ್ನು ಒಪ್ಪಿಗೆ ಎಂದು ಎಣಿಸಬೇಡ.

ಅಲ್ಲಿಗೆ ಹೂಂ ಅನ್ನುವ ಮೊದಲು ಕೆಲವು ವಿಷಯ ವಿಚಾರಿಸು. ಆ ಜಾಗ ಕಾಗದದ ಮೇಲೂ ನಿಜವಾಗಿ ಖಾಲಿಯಿದೆಯೇ, ಯೂನಿಟ್ಟನ್ನು ಮುಚ್ಚುವ ಅಥವಾ ಬೇರೊಂದರ ಜೊತೆ ಸೇರಿಸುವ ಯೋಚನೆ ನಡೆದಿದೆಯೇ? ಸದ್ಯದಲ್ಲಿ ಹೊರದೇಶಕ್ಕೆ ಹೋಗುವ ಸರದಿ ಇದೆಯೇ? ಈ ದರ್ಜೆಗೆ ಬೇಕಾದ ಅಡ್ವಾನ್ಸ್ಡ್ ಲೀಡರ್ ಕೋರ್ಸ್‌ಗೆ ಯಾವಾಗ ಕಳಿಸುತ್ತಾರೆ? ನೀನು ಸೇರುವಾಗ ಪಡೆದ ಬೋನಸ್ ಈಗಿನ ಯೂನಿಟ್‌ಗೆ ಅಂಟಿಕೊಂಡಿದ್ದರೆ ಬಿಟ್ಟಾಗ ಏನಾಗುತ್ತದೆ? ಉತ್ತರವನ್ನು ಬರಹದಲ್ಲಿ ಪಡೆ. ಬಡ್ತಿಯ ನಿಯಮಗಳು ನಮ್ಮ ಕಾಲದಿಂದ ಎಷ್ಟೋ ಬದಲಾಗಿವೆ, ಅದಕ್ಕೇ ನನ್ನ ಮಾತನ್ನೂ ನಿನ್ನ ಯೂನಿಟ್ ಕಚೇರಿಯಲ್ಲಿ ಒಮ್ಮೆ ಪರೀಕ್ಷಿಸು. ಆಸ್ಪತ್ರೆಯ ಕೆಲಸದ ಬಗ್ಗೆ ಮಾತ್ರ ಭಯ ಬೇಡ. ಡ್ರಿಲ್‌ಗೆ ಹೋಗಿಬರುವವರ ಉದ್ಯೋಗವನ್ನು 1994ರ ಕಾನೂನು ಕಾಯುತ್ತದೆ. ಸುರಕ್ಷಿತವಾಗಿ ಮನೆ ಸೇರಿ ಎಂಟು ಗಂಟೆ ವಿಶ್ರಾಂತಿ ಪಡೆದ ನಂತರ ಕೆಲಸಕ್ಕೆ ಹಾಜರಾದರೆ ಸಾಕು. ಮೇಲಧಿಕಾರಿಗೆ ಮುಂಚಿತವಾಗಿ ತಿಳಿಸು. ಹಿಮ ಬಿದ್ದ ರಾತ್ರಿ ಹಟಕ್ಕೆ ಬಿದ್ದು ಕಾರು ಓಡಿಸಬೇಡ.

ಹಳೆಯ ಯೂನಿಟ್ ಬಿಟ್ಟರೆ ದ್ರೋಹವಾಗುತ್ತದೇನೋ ಎಂದೂ ಕೇಳಿದ್ದೀಯ. ಆಗುವುದಿಲ್ಲ. ನಿನ್ನ ಕೈಕೆಳಗಿನ ಹುಡುಗಿಗೆ ಲೆಕ್ಕದ ಪುಸ್ತಕ, ಕೀಲಿ, ಎಣಿಕೆಯ ಕ್ರಮ ಎಲ್ಲವನ್ನೂ ಕಲಿಸಿ, ಬಾಕಿ ಉಳಿಸದೆ ಒಪ್ಪಿಸಿ ಹೊರಡು. ನೀನು ಹೋದ ಮರುತಿಂಗಳೂ ಅಲ್ಲಿನ ಎಣಿಕೆ ತಾಳೆಯಾಗಬೇಕು. ಯೂನಿಟ್‌ನ ಋಣ ತೀರುವುದು ಹಾಗೆ.

ಇನ್ನು ನನ್ನ ಅಭಿಪ್ರಾಯ. ನಿನ್ನ ಮೇಲ್‌ನಲ್ಲಿ ಬಡ್ತಿಯ ಬಗ್ಗೆ ಇದ್ದದ್ದು ಒಂದೇ ಸಾಲು. ಅಲ್ಲಿನ ಸಪ್ಲೈ ಕೋಣೆ ಅಸ್ತವ್ಯಸ್ತವಾಗಿದೆ, ಹೊಸದಾಗಿ ಬಂದವರಿಗೆ ಕಲಿಸುವವರೇ ಇಲ್ಲ, ಎಲ್ಲಿಂದ ಶುರುಮಾಡಬೇಕು ಎಂಬುದನ್ನೆಲ್ಲ ಉದ್ದಕ್ಕೆ ಬರೆದಿದ್ದೀಯ. ಆ ಕೆಲಸವನ್ನು ನೀನು ಮನಸ್ಸಿನಲ್ಲಿ ಆಗಲೇ ಶುರುಮಾಡಿದ್ದೀಯ. ಸೊಸೆ ಒಪ್ಪಿದರೆ, ವಿಚಾರಿಸಿದ ವಿಷಯಗಳಿಗೆ ಸರಿಯಾದ ಉತ್ತರ ಸಿಕ್ಕರೆ, ಹೋಗು. ಎರಡರಲ್ಲಿ ಒಂದು ಕೂಡಿಬಾರದಿದ್ದರೂ ಈ ಸಲ ಬಿಡು, ಬಿಟ್ಟದ್ದಕ್ಕೆ ಕೊರಗಬೇಡ. ಕೋರ್ಸ್ ಮುಗಿಸಿಟ್ಟುಕೋ, ಮುಂದಿನ ಜಾಗ ತೆರೆದಾಗ ಅದು ನೆರವಿಗೆ ಬರುತ್ತದೆ.

ನೀನು ಹೋಗುವುದಾದರೆ ನಮ್ಮ ಮನೆ ದಾರಿಯಲ್ಲೇ ಇದೆ. ಶುಕ್ರವಾರ ರಾತ್ರಿ ಊಟಕ್ಕೆ ಇಲ್ಲಿಗೇ ಬಾ, ಮಲಗಿ ನಸುಕಿನಲ್ಲಿ ಹೊರಟರೂ ಬೆಳಗಿನ ಹಾಜರಿಗೆ ತಲುಪುತ್ತೀಯ. ನಿನ್ನ ದೊಡ್ಡಮ್ಮ ಇದನ್ನು ಮರೆಯದೆ ಬರೆಯಲು ಹೇಳಿದ್ದಾಳೆ. ಏನು ತೀರ್ಮಾನಿಸಿದಿರಿ ಎಂದು ಇಬ್ಬರೂ ಸೇರಿ ಫೋನ್ ಮಾಡಿ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ