ಹಿನ್ನೀರಿಗೆ ಗಾಳ ಹಾಕುವ ಮುನ್ನ

ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದಾಗ ಸಾಗರ ತಾಲ್ಲೂಕಿನ ಹೊನ್ನೆಮರಡು ದಡದಲ್ಲಿ ಕಪ್ಪುಗಟ್ಟಿದ ಮರದ ಬೊಡ್ಡೆಗಳು ತಲೆಯೆತ್ತುತ್ತವೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಉಳಿಕೆ ಅವು. ಮೀನು ಹಿಡಿಯಲು ಬಂದವರ ಗಾಳ ಮೊದಲು ಸಿಕ್ಕಿಕೊಳ್ಳುವುದು ಈ ಬೊಡ್ಡೆಗಳಿಗೆ, ಆಮೇಲೆ ಕಾನೂನಿಗೆ.

ನೀರಿನ ಮೇಲೆ ಬೇಲಿ ಕಾಣುವುದಿಲ್ಲ, ಗಡಿ ಮಾತ್ರ ಇದೆ. ಅಣೆಕಟ್ಟು ಕರ್ನಾಟಕ ವಿದ್ಯುತ್ ನಿಗಮದ್ದು, ಮೀನಿನ ಉಸ್ತುವಾರಿ ಮೀನುಗಾರಿಕೆ ಇಲಾಖೆಯದ್ದು. ಮೂರನೆಯದಾಗಿ ಅರಣ್ಯ ಇಲಾಖೆ ಬರುತ್ತದೆ. 1972ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಅಭಯಾರಣ್ಯದ 431 ಚದರ ಕಿ.ಮೀ.ನಲ್ಲಿ ಸುಮಾರು 128 ಚದರ ಕಿ.ಮೀ. ಜಲಾಶಯದ ನೀರೇ. 2019ರಲ್ಲಿ ಇದು ಶರಾವತಿ ಸಿಂಗಳೀಕ ಅಭಯಾರಣ್ಯವಾಗಿ 930 ಚದರ ಕಿ.ಮೀ.ಗೆ ಹಿಗ್ಗಿತು.

ಅಭಯಾರಣ್ಯ ಪ್ರವೇಶಕ್ಕೆ ಯಾವ ಯಾವ ಉದ್ದೇಶಗಳಿಗೆ ಅನುಮತಿ ಕೊಡಬಹುದು ಎಂಬುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಪಟ್ಟಿ ಮಾಡಿದೆ. ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಡನೆ ಕಾನೂನುಬದ್ಧ ವ್ಯವಹಾರ ಅದರಲ್ಲಿವೆ. ಹವ್ಯಾಸಕ್ಕೆ ಮೀನು ಹಿಡಿಯುವುದು ಇಲ್ಲ. ಹಾಗಾಗಿ ಪ್ರವಾಸಿ ಟಿಕೆಟ್ ಕಿಸೆಯಲ್ಲಿದ್ದ ಮಾತ್ರಕ್ಕೆ ಗಾಳ ಹಾಕಲು ಅನುಮತಿ ಸಿಕ್ಕಂತಲ್ಲ. ಅಪರಾಧಕ್ಕೆ ಬಳಸಿದ ಬಲೆ, ದೋಣಿ, ವಾಹನ ಜಪ್ತಿಯಾಗಬಹುದು.

ಅಭಯಾರಣ್ಯದ ಹೊರಗಿನ ನೀರಿಗೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಅನ್ವಯಿಸುತ್ತದೆ. ಹೊಸನಗರ ಕಡೆಯ ಹಿನ್ನೀರಾಗಲಿ, ವಾರಾಹಿಯ ಮಾಣಿ ಜಲಾಶಯವಾಗಲಿ, ಆ ಜಾಗಕ್ಕೆ ಲೈಸೆನ್ಸ್ ಬೇಕೇ, ಮೀನಿನ ಹಕ್ಕು ಯಾರಿಗಾದರೂ ಗುತ್ತಿಗೆಯಾಗಿದೆಯೇ ಎಂದು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ತೋಟೆ ಸಿಡಿಸುವುದು, ನೀರಿಗೆ ವಿಷ ಹಾಕುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ಮೀನು ಹಿಡಿಯಬಾರದೆಂಬ ನಿಯಮ ತೀರ್ಥಹಳ್ಳಿಯವರಿಗೆ ಹೊಸತಲ್ಲ. ತುಂಗೆಯ ಚಿಬ್ಬಲಗುಡ್ಡೆ ಮತ್ಸ್ಯಧಾಮದಲ್ಲಿ ಮಂಡಕ್ಕಿ ಎರಚಿದರೆ ಮೀನುಗಳು ಮುತ್ತಿಕೊಳ್ಳುತ್ತವೆ, ಅಲ್ಲಿ ಹಿಡಿಯುವಂತಿಲ್ಲ. ಮಳೆ ಹಿಡಿದ ಮೇಲೆ ನೀರಿಗೆದುರಾಗಿ ಹತ್ತಿ ಬರುವ ‘ಹತ್ತು ಮೀನಿ’ಗೆ ಕೂಣಿ ಎಂಬ ಬೋನು ಒಡ್ಡುವವರೂ ಜಾಗ್ರತೆಯಿಂದಿರಬೇಕು. ಆಗ ಮೀನು ಹತ್ತಿ ಬರುವುದು ಮೊಟ್ಟೆಯಿಡಲು. ಆ ವರ್ಷದ ನಿಷೇಧದ ದಿನಾಂಕಗಳನ್ನು ಇಲಾಖೆಯಲ್ಲೇ ಕೇಳಿ ತಿಳಿಯುವುದು ಕ್ಷೇಮ.

ಸಿಕ್ಕಿಬಿದ್ದರೂ ಹಕ್ಕುಗಳು ಇರುತ್ತವೆ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹಣ ಕಟ್ಟಿದರೆ ರಸೀದಿ ಕೇಳಿ ಪಡೆಯಬೇಕು. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100.

ಗುತ್ತಿಗೆ ಯಾರದು, ಅಭಯಾರಣ್ಯದ ಗಡಿ ಎಲ್ಲಿ ಎಂಬ ಗೊಂದಲಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆಯೂ ಇದೆ. 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಬೇಸಿಗೆ ರಜೆಯಲ್ಲಿ ಹಿನ್ನೀರಿಗೆ ಹೋಗುವ ಯೋಚನೆಯಿದ್ದವರು ಅರ್ಜಿಯನ್ನು ಫೆಬ್ರವರಿಯಲ್ಲೇ ಹಾಕಲಿ.